ಹಂಸಕ್ಕೂ ಒಂದು ಹಬ್ಬ ಬೇಕು

ನಮ್ಮವರು ಹಬ್ಬದ ವಿಷಯದಲ್ಲಿ ಯಾವ ಪ್ರಾಣಿಗೂ ಅನ್ಯಾಯ ಮಾಡಿದವರಲ್ಲ. ನಾಗನಿಗೆ ಪಂಚಮಿಯಿದೆ. ದನಗಳಿಗೆ ದೀಪಾವಳಿಯ ಗೋಪೂಜೆಯಿದೆ. ಬಯಲುಸೀಮೆಗೆ ಹೋದರೆ ಎತ್ತುಗಳಿಗೆ ಕಾರಹುಣ್ಣಿಮೆಯಿದೆ. ಹುಲಿಯ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುವ ನಾವೇ ನವರಾತ್ರಿಯಲ್ಲಿ ಮೈಗೆಲ್ಲ ಬಣ್ಣ ಬಳಿದುಕೊಂಡು ಹುಲಿಯಾಗಿ ಕುಣಿಯುತ್ತೇವೆ. ವರ್ಷವಿಡೀ ಕಲ್ಲೆಸೆದು ಓಡಿಸುವ ಕಾಗೆಯನ್ನು ಕೂಡ ಶ್ರಾದ್ಧದ ದಿನ 'ಬಾ, ಬಾ' ಎಂದು ಕರೆದು ಕೈಮುಗಿದು ಕಾಯುತ್ತೇವೆ. ಹೀಗಿರುತ್ತ, ಬ್ರಹ್ಮನನ್ನು ಹೊತ್ತು ತಿರುಗುವ, ಸರಸ್ವತಿಯ ಪಕ್ಕದಲ್ಲಿ ಕುತ್ತಿಗೆ ಕೊಂಕಿಸಿ ನಿಲ್ಲುವ, ನಳನಿಗೂ ದಮಯಂತಿಗೂ ಮದುವೆ ಕುದುರಿಸಿದ ಹಂಸಕ್ಕೆ ಮಾತ್ರ ಪಂಚಾಂಗದಲ್ಲಿ ಒಂದು ಗಳಿಗೆಯೂ ಇಲ್ಲ.

ಈ ಅನ್ಯಾಯವನ್ನು ಕಂಡುಹಿಡಿದು, ಅದನ್ನು ತಮ್ಮ ಖರ್ಚಿನಲ್ಲಿಯೇ ಸರಿಪಡಿಸಲು ಹೊರಟವರು ನಮ್ಮ ದೊಡ್ಡ ಸೋದರಮಾವ. ತೆಲಂಗಾಣದ ಮಕ್ತಲ್ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದ ಅವರು ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡು ಒಂದು ಮಾಗಿ ಕಳೆಯಿತು. ಅವರ ನೆನಪಿಗೆಂದು ಬರೆಯುವ ಈ ಲೇಖನ ಶ್ರದ್ಧಾಂಜಲಿಯ ಧಾಟಿಯಲ್ಲಿಲ್ಲವೆಂದು ವಾಚಕರು ಮುನಿಯಬಾರದು. ಗಂಭೀರವಾಗಿ ಬರೆದರೆ ಸ್ವತಃ ಮಾವನೇ ಮುನಿದಾರು. ಅವರ ಹಂಸದ ಹುಚ್ಚಿನಲ್ಲಿ, ಗಡಿಯಾಚೆ ಬಾಳುವ ನಮ್ಮಂಥ ಕನ್ನಡ ಮನೆಗಳಿಗೆ ಉಪಯೋಗವಾಗುವ ಸಂಗತಿಯೊಂದಿದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಹೇಳುವುದಕ್ಕಾಗಿಯೇ ಈ ಬರಹ.

ಮಕ್ತಲ್ ಎಲ್ಲಿದೆ ಎಂದು ಕೇಳುವವರಿಗೆ ಎರಡು ಮಾತು. ರಾಯಚೂರಿನಿಂದ ಹೈದರಾಬಾದಿನ ಹಾದಿ ಹಿಡಿದು, ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳನ್ನು ನೋಡುತ್ತ ಕೃಷ್ಣೆಯ ಸೇತುವೆ ದಾಟಿದರೆ ಅಲ್ಲಿಂದ ತೆಲಂಗಾಣ. ಆ ಹಾದಿಯಲ್ಲಿ ಮುಂದೆ ಸಿಗುವ ಪೇಟೆಯೇ ಮಕ್ತಲ್. ಅದರ ಬಡಗಣಕ್ಕೆ ಸೀರೆಗೆ ಹೆಸರಾದ ನಾರಾಯಣಪೇಟೆ. ತೆಂಕಣಕ್ಕೆ, ಹೊಳೆಯಾಚೆ, ಅದೂ ಸೀರೆಗೇ ಹೆಸರಾದ ಗದ್ವಾಲ. ತೆಲುಗರ ನಡುವೆ ಕನ್ನಡದ ಮನೆಗಳು ಅಲ್ಲಿ ಹಿಂದಿನಿಂದಲೂ ಇವೆ. ಹೊಳೆದಂಡೆಯ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಅಂದರೆ, ನಮ್ಮ ಹಾಗೆಯೇ ಅವರು. ನಾವು ಮಲಯಾಳದ ಮಗ್ಗುಲಲ್ಲಿ, ಅವರು ತೆಲುಗಿನ ಮಗ್ಗುಲಲ್ಲಿ.

ಮಾವ 1956ರ ಬೇಸಗೆಯಲ್ಲಿ, ಹದಿನಾರನೆಯ ವಯಸ್ಸಿಗೆ, ಕುಂಬಳೆ ಸೀಮೆಯ ಮನೆ ಬಿಟ್ಟು ಗದ್ವಾಲದ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆಯಲು ಹೋದರು. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಗದ್ವಾಲ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ರಾಯಚೂರು ಮೈಸೂರಿಗೆ ಬಂತು. ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ದಕ್ಷಿಣ ಕನ್ನಡ ಮೈಸೂರಿಗೆ ಬಂತು. ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಹುಡುಗ ಬಿಟ್ಟ ಊರೂ ಸೇರಿದ ಊರೂ ಒಂದೇ ದಿನ ಗೆರೆಯ ಆಚೆ ಬಿದ್ದವು. ಮುಂದೆ ಅವರು ಮಕ್ತಲಿಗೆ ಬಂದು ಸ್ವಂತ ಹೋಟೆಲು ತೆರೆದರು. 2014ರ ಜೂನ್ 2ರಂದು ತೆಲಂಗಾಣವಾಯಿತು. 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. "ಹಂಸ ಪಾಪ ರೆಕ್ಕೆ ಬಡಿದು ಬಡಿದು ರಾಜ್ಯ ದಾಟುತ್ತದೆ. ನಾನು ನೋಡು ಅಳಿಯ, ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳದೆಯೇ ಮೂರು ರಾಜ್ಯ ಕಂಡೆ" ಎಂದು ನಗುತ್ತಿದ್ದರು.

ಈ ಹುಚ್ಚು ಹತ್ತಿದ್ದು ಊರಿನಲ್ಲಿಯೇ. ಚಿಕ್ಕಂದಿನಲ್ಲಿ ನಳದಮಯಂತಿ ಪ್ರಸಂಗದ ಆಟವೊಂದರಲ್ಲಿ ಅವರಿಗೆ ಹಂಸದ ವೇಷ ಸಿಕ್ಕಿತ್ತಂತೆ. ದಮಯಂತಿಯ ಮುಂದೆ ನಳನನ್ನು ಹೊಗಳಬೇಕಾದ ಹಂಸ, ಚೌಕಿಯಿಂದ ಬರುವ ಅವಲಕ್ಕಿಯ ಪರಿಮಳಕ್ಕೆ ಸೋತು ಮಾತು ಮರೆತು, ನಳನಿಗೆ ಬದಲಾಗಿ ಅವಲಕ್ಕಿಯನ್ನೇ ಹೊಗಳಿತೆಂದು ನಮ್ಮ ತಾಯಿ ಹೇಳುತ್ತಿದ್ದರು. ಸಭೆ ನಕ್ಕಿತು. ಅಂದಿನಿಂದ ಊರಿನ ಬಾಯಲ್ಲಿ ಅವರ ನಿಜನಾಮ ಹೋಗಿ 'ಹಂಸ' ಉಳಿಯಿತು. ಬೇರೆಯವರಾದರೆ ನಾಚಿಕೊಂಡಾರು. ಮಾವ ಆ ಹೆಸರನ್ನು ಪದವಿಯಂತೆ ಹೊತ್ತುಕೊಂಡು ಗದ್ವಾಲಕ್ಕೆ ಹೋದರು, ಮಕ್ತಲಿಗೆ ಹೋದರು, ಕೊನೆಗೆ ಹೋಟೆಲಿಗೂ ಅದನ್ನೇ ಇಟ್ಟರು.

ಹೋಟೆಲಿಗೆ ಆ ಹೆಸರು ಇಟ್ಟುದರಲ್ಲಿ ವ್ಯಾಪಾರದ ಬುದ್ಧಿಯೂ ಇತ್ತೆನ್ನಬೇಕು. 'ಹಂಸ' ಎಂಬ ಎರಡಕ್ಷರವನ್ನು ಕನ್ನಡದಲ್ಲಿ ಬರೆದರೂ ತೆಲುಗಿನಲ್ಲಿ ಬರೆದರೂ ಹೆಚ್ಚುಕಡಮೆ ಒಂದೇ ರೂಪ. ತಲೆಕಟ್ಟಿನಲ್ಲಿ ಅಲ್ಪ ಭೇದವಷ್ಟೆ. ಮಾವ ತಲೆಕಟ್ಟನ್ನು ಆ ಕಡೆಗೂ ಅಲ್ಲ ಈ ಕಡೆಗೂ ಅಲ್ಲ ಎಂಬಂತೆ ಬರೆಯಿಸಿದರು. ಕನ್ನಡದವನು ಅದನ್ನು ಕನ್ನಡವೆಂದು ಓದಿ ಒಳಗೆ ಬಂದ. ತೆಲುಗಿನವನು ತೆಲುಗೆಂದು ಓದಿ ಒಳಗೆ ಬಂದ. "ಒಂದೇ ಹಲಗೆಯ ಮಜೂರಿಯಲ್ಲಿ ಎರಡು ಭಾಷೆ!" ಎಂಬುದು ಅವರ ಹೆಮ್ಮೆ.

ತೊಂದರೆಯಾದುದು ಚಿತ್ರದಿಂದ. ಹಲಗೆ ಬರೆಯುವಾತ ತನಗೆ ಗೊತ್ತಿದ್ದ ಬಾತುಕೋಳಿಯನ್ನು ಬರೆದ. ಮಾವ ಕುತ್ತಿಗೆ ಉದ್ದ ಮಾಡಿಸಿದರು. ಆತ ಉದ್ದ ಮಾಡಿದ. ಇನ್ನೂ ಉದ್ದ ಎಂದರು. ಆತ ಸಿಟ್ಟಿನಿಂದ ಎಷ್ಟು ಉದ್ದ ಮಾಡಿದನೆಂದರೆ ಹಕ್ಕಿ ಕೊಕ್ಕರೆಯಾಯಿತು. ಮರುದಿನ ಬಂದ ಮೊದಲ ಗಿರಾಕಿ, "ಇಲ್ಲಿ ಮೀನಿನ ಊಟ ಸಿಗುತ್ತದೆಯೆ?" ಎಂದು ಕೇಳಿದ. ಶುದ್ಧ ಸಸ್ಯಾಹಾರಿ ಹೋಟೆಲಿಗೆ ಇದಕ್ಕಿಂತ ದೊಡ್ಡ ಅಪವಾದ ಯಾವುದಿದೆ? ಅಂದೇ ಸುಣ್ಣ ಬಳಿದು ಹಕ್ಕಿಯನ್ನು ಅಳಿಸಲಾಯಿತು.

ಇನ್ನು, ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಕ್ಕಿಯ ಹೆಸರನ್ನು ಹೋಟೆಲಿಗೆ ಇಡುವುದೆಂದರೆ ಸಾಮಾನ್ಯ ಧೈರ್ಯವೆ? ಬಂದ ಬಂದ ಗಿರಾಕಿಯೂ ಚಹಾದ ಲೋಟ ಎತ್ತಿ ಹಿಡಿದು, "ಇದರಲ್ಲಿ ಹಂಸಕ್ಕೆ ಎಷ್ಟು, ನಮಗೆ ಎಷ್ಟು?" ಎಂದು ಕೇಳುತ್ತಿದ್ದ. ಮಾವನ ಹತ್ತಿರ ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರ್ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ಹಂಸರಾಯ. ಬೆಳಗ್ಗೆ ಹಾಲಿನವನು ಬಂದೊಡನೆ ಹಂಸರಾಯ ಪಾತ್ರೆಗೆ ಇಳಿಯುತ್ತಿದ್ದ. ಹಾಲು ನೀರಿಗಿಂತ ತುಸು ಸಾಂದ್ರವಾದ್ದರಿಂದ ನೀರು ಬೆರೆತಷ್ಟೂ ಆ ಗಾಜಿನ ಬುರುಡೆ ಕೆಳಗೆ ಮುಳುಗುತ್ತದೆ. ಆದರೆ ಹಂಸರಾಯನಿಗೂ ಒಂದು ದೌರ್ಬಲ್ಯವುಂಟು. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ. ಆ ಬಳಿಕ ನೀರು ಸೇರಿಸಿದರೆ ಸರಿಯಾದ ಗೆರೆಗೇ ಬಂದು ನಿಲ್ಲುತ್ತದೆ. "ಯಂತ್ರವನ್ನು ಮೋಸ ಮಾಡಬಹುದು, ನಾಲಗೆಯನ್ನು ಮಾಡಲಾಗದು" ಎಂದು ಹೇಳಿ ಮಾವ ಕೊನೆಗೆ ಒಂದು ಚಮಚ ಬಾಯಿಗೆ ಹಾಕಿಕೊಂಡು ತೀರ್ಪು ಕೊಡುತ್ತಿದ್ದರು.

ಹಂಸದ ಈ ನೀರು-ಹಾಲಿನ ವಿದ್ಯೆ ಪಂಡಿತರನ್ನೂ ಕಾಡಿದೆ. ಹಾಲು ಕುಡಿಯುವ ಹಂಸಗಳ ಮೇಲೆಯೇ ಲ್ಯಾನ್‌ಮನ್ ಎಂಬ ಅಮೆರಿಕದ ಸಂಸ್ಕೃತ ವಿದ್ವಾಂಸರು 1898ರಲ್ಲಿ ಒಂದು ಪ್ರಬಂಧ ಬರೆದರು. ತಾವರೆಯ ದಂಟು ಮುರಿದರೆ ಹಾಲಿನಂಥ ರಸ ಒಸರುತ್ತದೆ. ನೀರಿನೊಳಗೆ ತಲೆ ಹಾಕಿ ಅದನ್ನು ಮೆಲ್ಲುವ ಹಕ್ಕಿಯನ್ನು ಕಂಡು ಈ ಮಾತು ಹುಟ್ಟಿರಬೇಕೆಂಬ ಊಹೆಯೂ ಉಂಟು. ಮಾವನ ವಾದ ಬೇರೆ. "ಆ ಹಕ್ಕಿಗೆ ಒಂದು ಲೋಟ ಚಹಾ ಕೊಟ್ಟು ನೋಡು ಮಾರಾಯ. ನೀರು, ಹಾಲು, ಸೊಪ್ಪು, ಸಕ್ಕರೆ - ನಾಲ್ಕನ್ನೂ ಬೇರೆ ಮಾಡಿ ಇಟ್ಟರೆ ಗಿರಾಕಿ ದುಡ್ಡು ಕೊಟ್ಟಾನೆಯೆ? ಬೇರೆ ಮಾಡಲು ಗೊತ್ತಿರಬೇಕು. ಆದರೆ ಯಾವಾಗ ಬೇರೆ ಮಾಡಬಾರದು ಎಂಬುದೂ ಗೊತ್ತಿರಬೇಕು." ಈ ಮಾತಿನ ಬೆಲೆ ನಮಗೆ ತಿಳಿದುದು ಬಹಳ ಕಾಲದ ಮೇಲೆ.

ಹಾಗಾದರೆ ಹಂಸವೆಂಬುದು ಯಾವ ಹಕ್ಕಿ? ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ಕಾಣುವ, ಉದ್ದ ಕುತ್ತಿಗೆಯ, ಹತ್ತಿಯಂತೆ ಬಿಳಿಯ ಹಕ್ಕಿ ನಮ್ಮ ಕಡೆಯ ಕೆರೆಗಳಿಗೆ ಬರುವುದೇ ಇಲ್ಲ. ಅದು ಯುರೋಪು ಮತ್ತು ಮಧ್ಯ ಏಷ್ಯಾದ್ದು. ಚಳಿ ವಿಪರೀತವಾದಾಗ ದಾರಿ ತಪ್ಪಿ ಈ ಉಪಖಂಡದ ವಾಯವ್ಯ ಮೂಲೆಯನ್ನು ಮುಟ್ಟಿದ್ದುಂಟು, ಅಷ್ಟೆ. ರಾಜಾ ರವಿವರ್ಮರು 1899ರಲ್ಲಿ ಬರೆದ ಹಂಸ-ದಮಯಂತಿ ಚಿತ್ರದಲ್ಲಿ ಇರುವುದು ಈ ಬಿಳಿಯ ಹಕ್ಕಿಯೇ. ಅವರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಂಥ ಕಡೆಗಳಿಂದ ಬಣ್ಣದ ಚಿತ್ರಗಳು ಮನೆಮನೆಯ ಗೋಡೆ ಸೇರಿದವು. ಹಂಸವೆಂದರೆ ಹೀಗೆಯೇ ಎಂದು ನಾವು ನಂಬಿಕೊಂಡೆವು.

ನಮ್ಮ ಶಿಲ್ಪಿಗಳು ಮಾತ್ರ ಬೇರೆ ಹಕ್ಕಿಯನ್ನು ಕಂಡವರು. 12ನೆಯ ಶತಮಾನದ ಹಳೇಬೀಡಿನ ದೇವಾಲಯದ ಗೋಡೆಗಳಲ್ಲಿ ಆನೆ, ಸಿಂಹ, ಕುದುರೆ, ಮಕರಗಳ ಪಟ್ಟಿಕೆಗಳ ಜೊತೆಗೆ ಹಂಸಗಳ ಸಾಲೂ ಇದೆ. ಬಾಲದ ಬಳ್ಳಿಯಲಂಕಾರವನ್ನು ಬದಿಗಿಟ್ಟು ನೋಡಿದರೆ ತುಂಬಿದ ಮೈ, ಗಿಡ್ಡ ಕುತ್ತಿಗೆ. ಹಾಲೆಂಡಿನ ವಿದ್ವಾಂಸ ಫೋಗೆಲರ ಗ್ರಂಥವೊಂದು 1962ರಲ್ಲಿ ಪ್ರಕಟವಾಯಿತು. ಭಾರತದ ಸಾಹಿತ್ಯ ಮತ್ತು ಕಲೆಯ ಹಂಸವೆಂದರೆ ಹೆಬ್ಬಾತು ಎಂಬುದೇ ಅದರ ವಾದ. ಈ ಸಂಗತಿಯನ್ನು ನಾವು ಟಿ.ಸಿ.ಎಚ್. ಮುಗಿಸಿ ಪಾಠ ಹೇಳಲು ಸೇರಿದ ಹೊಸದರಲ್ಲಿ ಮಾವನಿಗೆ ಬರೆದು ತಿಳಿಸಿದೆವು. ಅವರು ಮಾಡಿದ ಮೊದಲ ಕೆಲಸವೆಂದರೆ, ಆ ಹಲಗೆ ಬರೆದವನನ್ನು ಹುಡುಕಿಕೊಂಡು ಹೋಗಿ, ಮೈಸೂರುಪಾಕಿನ ಪೊಟ್ಟಣ ಕೊಟ್ಟು, "ನೀನು ಮೊದಲು ಬರೆದದ್ದೇ ಸರಿ, ರೀ" ಎಂದದ್ದು. ಆತನಿಗೆ ತಲೆಬುಡ ತಿಳಿಯಲಿಲ್ಲ. ಮೈಸೂರುಪಾಕು ತಿಂದ.

ಆ ಹೆಬ್ಬಾತಿನ ವಿಚಾರ ಕೇಳಿದರೆ ಕವಿಗಳ ಹಂಸಕ್ಕಿಂತ ಹೆಚ್ಚಿನ ಆಶ್ಚರ್ಯವಾಗುತ್ತದೆ. ಅದರ ಪೂರ್ಣ ಹೆಸರು ಪಟ್ಟೆತಲೆಯ ಹೆಬ್ಬಾತು. ಬೂದು ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ತೂಕ ಎರಡು-ಮೂರು ಕಿಲೋ. ಬೇಸಗೆಯಲ್ಲಿ ಟಿಬೆಟ್ಟು, ಮಂಗೋಲಿಯಗಳ ಸರೋವರಗಳ ಹತ್ತಿರ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾ��ಿ ನಮ್ಮ ಬಯಲುಸೀಮೆಗೆ ಬರುತ್ತದೆ. ಮೈಗೆ ಯಂತ್ರ ಕಟ್ಟಿ ಅಳೆದ ವಿಜ್ಞಾನಿಗಳು ಒಂದು ಹಕ್ಕಿ 7,290 ಮೀಟರು ಎತ್ತರಕ್ಕೆ ಏರಿದ್ದನ್ನು ದಾಖಲೆ ಮಾಡಿದ್ದಾರೆ. ಅಲ್ಲಿನ ತೆಳುಗಾಳಿಯಿಂದಲೂ ಪ್ರಾಣವಾಯುವನ್ನು ಹಿಡಿದುಕೊಳ್ಳುವ ಶಕ್ತಿ ಅದರ ರಕ್ತಕ್ಕಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಈ ಹಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಮಳೆಗಾಲ ಬಂತೆಂದರೆ ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆಂದು ಕಾಳಿದಾಸಾದಿಗಳು ಹೇಳಿದ್ದು ಸುಮ್ಮನೆ ಅಲ್ಲ. "ಹಾಲಿನ ಮಾತು ಸುಳ್ಳಾದರೂ ದಾರಿಯ ಮಾತು ನಿಜ" ಎಂದು ಮಾವ ಕವಿಗಳನ್ನು ಅರ್ಧ ಕ್ಷಮಿಸಿದರು.

ಪರದೇಶದ ಹಂಸಗಳ ಮೇಲೂ ಅವರ ಕಣ್ಣಿತ್ತು. ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಪ್ರತಿ ಜುಲೈ ತಿಂಗಳಲ್ಲಿ ಹಂಸಗಳನ್ನು ಎಣಿಸುವ ಪದ್ಧತಿಯಿದೆ. ಗುರುತಿಲ್ಲದ ಹಂಸಗಳ ಮೇಲೆ ಅಲ್ಲಿ ಅರಸನಿಗೆ ಹಕ್ಕು. ಜೊತೆಗೆ ಲಂಡನ್ನಿನ ಎರಡು ಹಳೆಯ ಸಂಘಗಳಿಗೂ ಪಾಲುಂಟು. ಒಂದು ದ್ರಾಕ್ಷಾರಸದ ವ್ಯಾಪಾರಿಗಳದು, ಇನ್ನೊಂದು ಬಟ್ಟೆಗೆ ಬಣ್ಣ ಹಾಕುವವರದು. ಇದನ್ನು ಓದಿ ಹೇಳಿದಾಗ ಮಾವನಿಗೆ ಬಹಳ ಬೇಸರವಾಯಿತು. "ಅಲ್ಲಿಯ ಬಣ್ಣದವರಿಗೆ ಹೊಳೆಯ ತುಂಬ ಹಂಸ. ನಮ್ಮ ನಾರಾಯಣಪೇಟೆಯ ನೇಕಾರರಿಗೆ ಒಂದು ಬಾತೂ ಬೇಡವೇನ್ರಿ?"

'ಹಂಸಗೀತೆ' ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ಸಿನೆಮಾದ ಮೇಲೆ ದ್ವೇಷವಿರಲಿಲ್ಲ; ತ.ರಾ.ಸು. ಅವರ ಕಾದಂಬರಿಯಿಂದ ಜಿ.ವಿ. ಅಯ್ಯರ್ 1975ರಲ್ಲಿ ತೆಗೆದ ಚಿತ್ರವನ್ನು ರಾಯಚೂರಿಗೆ ಹೋಗಿ ಎರಡು ಸಲ ನೋಡಿದ್ದರು. ಆದರೆ ಸಾಯುವ ಮುನ್ನ ಹಂಸ ಹಾಡುತ್ತದೆಂಬುದು ಗ್ರೀಕರ ಕಲ್ಪನೆ, ನಮ್ಮದಲ್ಲ ಎಂಬುದು ಅವರ ತಕರಾರು. "ನಾನು ಸಾಯುವಾಗ ಹಾಡುವುದಿಲ್ಲ, ಬಾಕಿಯ ಲೆಕ್ಕ ಓದುತ್ತೇನೆ" ಎನ್ನುತ್ತಿದ್ದರು. ಹಾಗೆಯೇ ಆಯಿತು. ಕೊನೆಯ ರಾತ್ರಿ ಮಗನನ್ನು ಹತ್ತಿರ ಕರೆದು ಹೇಳಿದ ಮಾತು, "ಹಾಲಿನವನಿಗೆ ಇನ್ನೂರ ನಲವತ್ತು ರೂಪಾಯಿ ಕೊಡಲಿಕ್ಕಿದೆ." ಅದೇ ಅವರ ಹಂಸಗೀತೆ.

ಅತ್ತೆಯ ವಿಷಯ ಹೇಳದಿದ್ದರೆ ಲೇಖನ ಅಪೂರ್ಣ. ಮದುವೆಯಾದ ಹೊಸತರಲ್ಲಿ ಮಾವ ಅತ್ತೆಯನ್ನು 'ಹಂಸಗಮನೆ' ಎಂದು ಕರೆಯುತ್ತಿದ್ದರು. ಅತ್ತೆಗೂ ಸಂತೋಷವೇ ಇತ್ತು. ಆಮೇಲೆ ಒಂದು ಮಾಗಿಯಲ್ಲಿ ಅವರನ್ನು ಕೃಷ್ಣೆಯ ದಂಡೆಗೆ ಕರೆದುಕೊಂಡು ಹೋಗಿ ಆ ಹೆಬ್ಬಾತುಗಳನ್ನು ತೋರಿಸಿ, "ಇಗೋ ಹಂಸ" ಎಂದರು. ಹಕ್ಕಿಗಳು ನೀರಿನಿಂದ ಮೇಲೆ ಬಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೊನೆಯುತ್ತ, ಗೋಣಿ ಹೊತ್ತ ಹಮಾಲರಂತೆ ನಡೆದುಹೋದವು. ಅತ್ತೆ ಎರಡು ದಿನ ಮಾತಾಡಲಿಲ್ಲ.

ಆ ದಂಡೆಯ ಪ್ರಯಾಣವೇ ಮುಂದೆ ಮಾವನ ಹಂಸದ ಹಬ್ಬವಾಯಿತು. ಸಂಕ್ರಾಂತಿಗೆ ಮುಂಚಿನ ಆದಿತ್ಯವಾರ ಹೋಟೆಲಿಗೆ ಬೀಗ. ಬಾಗಿಲಿಗೆ ಒಂದು ಚೀಟಿ: 'ಹಂಸದ ನಿಮಿತ್ತ ರಜೆ'. ಮೊದಲ ವರ್ಷ ಅದನ್ನು ಓದಿದ ಕೆಲವರು ಹಂಸ ಎಂಬ ಹೆಸರಿನ ಯಾರೋ ತೀರಿಕೊಂಡರೆಂದು ತಿಳಿದು ಮನೆಗೆ ಬಂದು ಸಂತಾಪ ಹೇಳಿದರಂತೆ. ನಮ್ಮ ಕಾಸರಗೋಡಿನಲ್ಲಾದರೆ ಇನ್ನೂ ಗೊಂದಲವಾಗುತ್ತಿತ್ತು; ಇಲ್ಲಿ ಬಸ್ಸು ನಿಲ್ದಾಣದಲ್ಲಿ ನಿಂತು 'ಓ ಹಂಸ' ಎಂದು ಕೂಗಿದರೆ ಮಾಪಿಳ್ಳೆ ಗೆಳೆಯರು ಮೂವರಾದರೂ ತಿರುಗಿ ನೋಡಿಯಾರು.

ಹಬ್ಬಕ್ಕೆ ಪೂಜೆ ಪುರಸ್ಕಾರಗಳಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿಯ ಎಣ್ಣೆಗಾಯಿ, ಕುಂಬಳೆಯ ನೆನಪಿಗೆ ಒಂದು ಡಬ್ಬಿ ಹಲಸಿನ ಹಪ್ಪಳ - ಇವನ್ನು ಕಟ್ಟಿಕೊಂಡು ಹೊಳೆದಂಡೆಗೆ ಹೋಗುವುದು. ನಿಯಮ ಮೂರೇ. ಮೊದಲು ಹಕ್ಕಿಯನ್ನು ಕಂಡವರಿಗೆ ಮೊದಲ ರೊಟ್ಟಿ. ಹಕ್ಕಿಗಳು ಏಳುವ ತನಕ ಕನ್ನಡವಲ್ಲದೆ ಬೇರೆ ಮಾತಿಲ್ಲ. ಮೂರನೆಯದಾಗಿ, ಪ್ರತಿಯೊಬ್ಬರೂ ಹಂಸದ ಮೇಲೆ ಒಂದು ಸುಳ್ಳು ಹೇಳಬೇಕು. ಒಳ್ಳೆಯ ಸುಳ್ಳಿಗೆ ಬಹುಮಾನ. ನೆರೆಮನೆಯ ತೆಲುಗು ಮಕ್ಕಳೂ ಬರುತ್ತಿದ್ದರು, ರೊಟ್ಟಿಯ ಆಸೆಗೆ ಕನ್ನಡ ಕಲಿಯುತ್ತಿದ್ದರು. ಒಂದು ವರ್ಷ ಗೆದ್ದದ್ದು ನೇಕಾರರ ಮನೆಯ ಪುಟ್ಟ ಹುಡುಗ. ಅವನ ಸುಳ್ಳು ಹೀಗಿತ್ತು: "ಒಂದು ಹಂಸ ನಮ್ಮ ಶಾಲೆಗೆ ಬಂತು. ಮಧ್ಯಾಹ್ನದ ಊಟದ ಸಾರಿಗೆ ಕೊಕ್ಕು ಹಾಕಿ ನೀರನ್ನೂ ಬೇಳೆಯನ್ನೂ ಬೇರೆ ಮಾಡಿತು. ಸಂಜೆಯವರೆಗೆ ಹುಡುಕಿ ಒಂದು ಬೇಳೆ ಸಿಕ್ಕಿತು. ಆ ಬೇಳೆಯನ್ನು ಸಾರಿಗೇ ಹಾಕಿ, ನಾಳೆಯ ಮಕ್ಕಳಿಗೆ ಇರಲಿ ಎಂದು ಹಾರಿಹೋಯಿತು." ಮಾವ ನಕ್ಕು ನಕ್ಕು ಮರಳಿನ ಮೇಲೆ ಕುಳಿತುಬಿಟ್ಟರು.

ಹಂಸಗಳು ಬಂದ ಸುದ್ದಿಯನ್ನು ಅವರು ನಮಗೆ ಪ್ರತಿ ವರ್ಷ ಕಾರ್ಡು ಹಾಕಿ ತಿಳಿಸುತ್ತಿದ್ದರು. ಕಾರ್ಡಿನಲ್ಲಿ ಇರುತ್ತಿದ್ದುದು ಎರಡೇ ಪದ: 'ಅಂಚೆ ಬಂತು'. ಮೊದಲ ಸಲ ಮನೆಯವರೆಲ್ಲ ತಬ್ಬಿಬ್ಬಾದೆವು. ಅಂಚೆ ಬಂತೆಂದು ತಿಳಿಸಲು ಅಂಚೆಯೇ ಬರಬೇಕೆ? ಆಮೇಲೆ ಹೊಳೆಯಿತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಸಂಸ್ಕೃತದ ಹಂಸವೇ ಕನ್ನಡದ ಬಾಯಲ್ಲಿ ಅಂಚೆಯಾಯಿತು. ಕಾಗದ ಒಯ್ಯುವ ಅಂಚೆಯ ಹುಟ್ಟು ಬೇರೆಯೇ ಇದ್ದೀತೆಂದು ನಾವು ಮೇಷ್ಟ್ರಗಿರಿಯಿಂದ ಬರೆದರೆ ಮಾವ ಒಪ್ಪಲಿಲ್ಲ. "ನಳನ ಸುದ್ದಿಯನ್ನು ದಮಯಂತಿಗೆ ಮುಟ್ಟಿಸಿದ್ದು ಯಾರು? ಪೋಸ್ಟ್‌ಮ್ಯಾನೇ ಅಲ್ಲವೆ?" ಎಂದು ಉತ್ತರ ಬಂತು.

ಈಗ ವಿಷಯಕ್ಕೆ ಬರೋಣ. ಹಕ್ಕಿಗಳ ವಲಸೆಯಲ್ಲಿ ಎರಡು ಬಗೆಯಿದೆ. ಕೋಗಿಲೆಯ ಬಳಗದ ಕೆಲವು ವಲಸೆ ಹಕ್ಕಿಗಳ ಮರಿಗಳು ಹೆತ್ತವರ ಮುಖವನ್ನೇ ಕಾಣದೆ ಬೆಳೆದರೂ ಒಂಟಿಯಾಗಿಯೇ ಸಾವಿರಾರು ಮೈಲಿ ದೂರದ ಊರು ಸೇರುತ್ತವೆ. ದಾರಿ ಅವಕ್ಕೆ ಹುಟ್ಟಿನಿಂದಲೇ ಬಂದದ್ದು. ಹೆಬ್ಬಾತಿನದು ಹಾಗಲ್ಲ. ಅದರ ಮರಿ ಮೊದಲ ವರ್ಷ ತಂದೆತಾಯಿಯ ಜೊತೆಯಲ್ಲಿ ಹಾರುತ್ತದೆ. ಯಾವ ಕಣಿವೆ, ಯಾವ ಕೆರೆ ಎಂಬುದನ್ನು ಅವರ ಬೆನ್ನ ಹಿಂದೆ ಹಾರುತ್ತಲೇ ಕಲಿಯುತ್ತದೆ. ಕಲಿಸುವ ಹಿರಿಯರು ಇಲ್ಲವಾದರೆ ರೆಕ್ಕೆ ಎಷ್ಟು ಬಲವಾಗಿದ್ದರೂ ಮಾನಸ ಸರೋವರದ ಹಕ್ಕಿಗೆ ಮಾಗಡಿ ಕೆರೆ ತಿಳಿಯದು.

ಭಾಷೆ ಇವೆರಡರಲ್ಲಿ ಯಾವ ಬಗೆಯದು? ಕನ್ನಡದ ಮನೆಯಲ್ಲಿ ಹುಟ್ಟಿದ ಮಗುವಿಗೆ ಕನ್ನಡ ತಾನಾಗಿ ಬರುತ್ತದೆಂದು ನಾವೆಲ್ಲ ಕೋಗಿಲೆಯ ಲೆಕ್ಕ ಹಾಕುತ್ತೇವೆ. ಅದು ಹೆಬ್ಬಾತಿನ ಲೆಕ್ಕವೆಂಬುದು ಗಡಿನಾಡಿನ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ನಮ್ಮ ತರಗತಿಗೆ ಬರುವ ಮಕ್ಕಳು ಕನ್ನಡದಲ್ಲಿ ಪ್ರಶ್ನೋತ್ತರ ಬರೆಯುತ್ತಾರೆ, ಸಂಧಿ ಬಿಡಿಸುತ್ತಾರೆ. ಬಿಡುವಿನ ವೇಳೆಯಲ್ಲಿ ಜಗಳಾಡುವುದು, ನಗುವುದು, ಸುಳ್ಳು ಹೇಳುವುದು ಬೇರೆ ಭಾಷೆಯಲ್ಲಿ. ಸಂಧಿ ಬಿಡಿಸಲು ಮಾತ್ರ ಉಳಿದ ಭಾಷೆ ಎಷ್ಟು ದಿನ ಉಳಿದೀತು? ಶಾಲೆ ಬೇಕು, ಅಧ್ಯಾಪಕರ ನೇಮಕವಾಗಬೇಕು, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು. ಇವಕ್ಕಾಗಿ ಮನವಿ, ಠರಾವು, ಸಮ್ಮೇಳನಗಳು ನಡೆಯಲೇಬೇಕು. ನಾವೂ ಅವುಗಳಲ್ಲಿ ಕುರ್ಚಿ ಹಾಕಿದವರೇ. ಆದರೆ ಠರಾವು ಕೇಳಿ ನಕ್ಕ ಮಗುವನ್ನು ನಾವು ಇನ್ನೂ ಕಂಡಿಲ್ಲ. ಮಗು ನಗುವುದು ಮಾವನ ಅವಲಕ್ಕಿಯ ಕಥೆಗೆ. ಯಾವ ಭಾಷೆಯಲ್ಲಿ ನಕ್ಕಿತೋ ಆ ಭಾಷೆಗೆ ಅದು ತಿರುಗಿ ಬರುತ್ತದೆ.

ಇದರರ್ಥ ನೆರೆಯ ಭಾಷೆಗೆ ಬೆನ್ನು ತಿರುಗಿಸಬೇಕೆಂದಲ್ಲ. ಗದ್ವಾಲದ ಸೀರೆಯನ್ನು ಬಿಡಿಸಿ ನೋಡಿದವರಿಗೆ ಇದು ತಿಳಿಯುತ್ತದೆ. ಒಡಲು ಹತ್ತಿಯದು, ಅಂಚು ಸೆರಗುಗಳು ರೇಷ್ಮೆಯವು. ನೇಯುವಾಗಲೇ ಹತ್ತಿಯ ಎಳೆಯನ್ನು ರೇಷ್ಮೆಯ ಎಳೆಗೆ ಕೊಂಡಿ ಹಾಕಿದಂತೆ ಕೂಡಿಸುತ್ತಾರೆ. ಕೂಡಿದ ಮೇಲೆ ಸೀರೆ ಒಂದೇ. ಹಾಗೆಂದು ಹತ್ತಿ ರೇಷ್ಮೆಯಾಗುವುದಿಲ್ಲ, ರೇಷ್ಮೆ ಹತ್ತಿಯಾಗುವುದಿಲ್ಲ. ಯಾವ ಎಳೆ ಯಾವುದೆಂದು ಗೊತ್ತಿಲ್ಲದ ನೇಕಾರ ಕೂಡಿಸಲಾರ. ಮಾವ ಚಹಾದ ಮಾತಿನಲ್ಲಿ ಹೇಳಿದ್ದೂ ಇದನ್ನೇ. ಅವರು ಗಲ್ಲಾದ ಮುಂದೆ ಸೊಗಸಾದ ತೆಲುಗು ಆಡುತ್ತಿದ್ದರು, ಉರ್ದುವಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಒಳಗೆ ಹೋದರೆ ಕುಂಬಳೆಯ 'ಎಂತದು' ಮತ್ತು ರಾಯಚೂರಿನ 'ಏನ್ರಿ' ಒಂದೇ ಉಸಿರಿನಲ್ಲಿ. ಯಾವುದಕ್ಕೂ ನೀರು ಸೇರಿಸಿದವರಲ್ಲ.

ಅವರು ಹೋದ ಮೇಲೆ ಮಕ್ಕಳು ಆ ಆದಿತ್ಯವಾರವನ್ನು ಬಿಡುತ್ತಾರೆಂದೇ ನಾವು ಎಣಿಸಿದ್ದೆವು. ಮೊಮ್ಮಗಳು ತೆಲುಗು, ಇಂಗ್ಲಿಷು ಕಲಿತವಳು. ಕನ್ನಡ ಅಕ್ಷರವನ್ನು ಯಾವ ಶಾಲೆಯೂ ಅವಳಿಗೆ ಕಲಿಸಲಿಲ್ಲ. ಈ ಮಾಗಿಯಲ್ಲಿ ನಮಗೆ ಒಂದು ಕಾರ್ಡು ಬಂತು. ಅಕ್ಷರಗಳ ನೆತ್ತಿಯಲ್ಲಿ ತೆಲುಗಿನ ತಲೆಕಟ್ಟು, ಕೆಳಗೆ ಕನ್ನಡದ ಮೈ. ಎರಡೇ ಪದ: 'ಅಂಚೆ ಬಂತು'. ಬದಿಯಲ್ಲಿ ಗಿಡ್ಡ ಕುತ್ತಿಗೆಯ ಒಂದು ಹಕ್ಕಿಯನ್ನೂ ಬರೆದಿದ್ದಾಳೆ. ಬಹಳ ಸರಿಯಾದ ಹಕ್ಕಿ.

ಆದಕಾರಣ ವಾಚಕರಲ್ಲಿ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಕನ್ನಡ ಮನೆಯೂ ತನ್ನದೇ ಆದ, ಯಾವ ಪಂಚಾಂಗಕ್ಕೂ ಸೇರದ, ಯಾವ ಪ್ರಯೋಜನಕ್ಕೂ ಬಾರದ ಒಂದು ಹಬ್ಬವನ್ನು ಇಟ್ಟುಕೊಳ್ಳಲಿ. ಕಾಸರಗೋಡಿಗೆ ಹೆಬ್ಬಾತು ಬರುವುದಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ಜಿಲ್ಲೆ 2023ರಲ್ಲಿ ಬಿಳಿಹೊಟ್ಟೆಯ ಕಡಲಹದ್ದನ್ನು ತನ್ನ ಪಕ್ಷಿಯೆಂದು ಸಾರಿಕೊಂಡಿದೆ; ಅದರ ಮೇಲೆ ಸುಳ್ಳು ಕಟ್ಟಲು ಯಾರ ಅಡ್ಡಿಯೂ ಇಲ್ಲ. ಹದ್ದು ಬೇಡವಾದರೆ ಹಲಸಿನ ಹಣ್ಣಾದೀತು, ಅಜ್ಜನ ಹಳೆಯ ಕೊಡೆಯಾದೀತು. ದೊಡ್ಡವರು ನಾಚಿಕೆ ಬಿಟ್ಟು ಒಂದು ಹುಚ್ಚನ್ನು ಹುಡುಕಿಕೊಳ್ಳಲಿ, ಮಕ್ಕಳು ಒಂದು ಸುಳ್ಳನ್ನು ಹೊಸೆಯಲಿ. ಸುಳ್ಳು ಅಚ್ಚ ಕನ್ನಡದಲ್ಲಿರಬೇಕು. ಅದಕ್ಕೆ ಮಾತ್ರ ನೀರು ಬೆರೆಸಕೂಡದು.